ಫೆರಾರಾದ ಕೋಟೆಗೋಡೆ, ಈಸ್ಟ್‌ಗೇಟಿನ ಸೈಕಲ್ಲು

ಜಾನಕಿ ಸೈಕಲ್ ಹತ್ತಿದ್ದು ಐವತ್ತೆರಡನೇ ವಯಸ್ಸಿನಲ್ಲಿ. ಅದಾದರೂ ಎಂಥ ಸೈಕಲ್ಲು ಅಂತೀರಿ? ಬೆವರು ಕಿತ್ತುಕೊಂಡು ಬರುವ ಹಾಗೆ ತುಳಿದರೂ ಒಂದಿಂಚು ಮುಂದಕ್ಕೆ ಹೋಗದ ಸೈಕಲ್ಲು. ಮಳವಳ್ಳಿಯಲ್ಲಿ ಅವಳು ಹುಡುಗಿಯಾಗಿದ್ದಾಗ ಪಕ್ಕದ ಮನೆಯ ಸೈಕಲ್ ಮುಟ್ಟಿದ್ದಕ್ಕೇ ಅವಳಪ್ಪ, “ಬಿದ್ದು ಕೈಕಾಲು ಮುರ್ಕಂಡ್ರೆ ನಾಳೆ ಯಾರವ್ವಾ ನಿನ್ನ ಮದ್ವೆ ಆಗೋರು?” ಎಂದು ಗದರಿದ್ದರು. ಕೈಕಾಲು ನೆಟ್ಟಗೇ ಉಳಿದವು, ಮದುವೆಯೂ ಆಯಿತು, ಗಂಡನ ಹಿಂದೆ ಅಮೆರಿಕದ ಸಿಯಾಟಲ್ ಕಡೆಗೆ ಬಂದದ್ದೂ ಆಯಿತು. ಸೈಕಲ್ ಮಾತ್ರ ಬರಲಿಲ್ಲ.

ಈ ನಿಂತಲ್ಲೇ ನಿಲ್ಲುವ ಸೈಕಲ್ಲನ್ನು ಅವಳಿಗೆ ಕೊಟ್ಟವನು ಪಕ್ಕದ ಊರು ವುಡಿನ್‌ವಿಲ್‌ನಲ್ಲಿದ್ದ ಕಲ್ಮೇಶ್. ಕೆಲಸ ಹೋಗಿ, ವೀಸಾದ ನಿಯಮದ ಅರವತ್ತು ದಿನದೊಳಗೆ ಬೇರೆ ಕೆಲಸ ಸಿಗದೆ, ಗಂಟುಮೂಟೆ ಕಟ್ಟಬೇಕಾಗಿ ಬಂದಾಗ ಪಾಪ ಮನೆಯ ಸಾಮಾನನ್ನೆಲ್ಲ ಗೊತ್ತಿದ್ದವರಿಗೆ ಹಂಚಿದ. “ಅಕ್ಕಾ, ಇದನ್ನ ನೀವು ಇಟ್ಕೋರಿ, ಮೊಣಕಾಲಿಗೆ ಚಲೋ” ಎಂದು ವ್ಯಾನಿನಿಂದ ತಾನೇ ಇಳಿಸಿ, ಬೆಲ್ವ್ಯೂ ಊರಿನ ಈಸ್ಟ್‌ಗೇಟಿನ ಅವರ ಬಾಡಿಗೆ ಮನೆಯ ಗರಾಜಿನಲ್ಲಿ ಇಟ್ಟುಹೋದ. ಎರಡು ವರ್ಷ ಅದರ ಮೇಲೆ ಒಗೆದ ಬಟ್ಟೆ ಒಣಗಿದವೇ ಹೊರತು ಯಾರೂ ತುಳಿಯಲಿಲ್ಲ.

ಆಮೇಲೆ ಮಗಳು ನಂದಿತಾ ಇಟಲಿಗೆ ಹೋದಳು. ಫೆರಾರಾ ಅಂತ ಒಂದು ಹಳೇ ಊರು. ಸುತ್ತ ಕೋಟೆಗೋಡೆ, ನಡುವೆ ಕಂದಕದ ನೀರಿನಲ್ಲಿ ನಿಂತ ಅರಮನೆ, ಓಡಾಡುವುದಕ್ಕೆಲ್ಲ ಸೈಕಲ್ಲು. ಹಳೆಯ ಕಟ್ಟಡಗಳನ್ನು ಕೆಡದಂತೆ ರಿಪೇರಿ ಮಾಡುವ ವಿದ್ಯೆ ಕಲಿಯಲು ಅಲ್ಲಿಗೆ ಸೇರಿದ್ದಳು. ಹೋದ ಮೊದಲ ತಿಂಗಳು ಅಲ್ಲಿ ಮಂಜೋ ಮಂಜು. ಒಂದು ಭಾನುವಾರ ಬೀದಿಯಿಂದಲೇ ಫೋನ್ ಮಾಡಿ ಅತ್ತಳು. ಜಾನಕಿ ಗಾಬರಿಯಿಂದ ಗರಾಜಿಗೆ ಬಂದು, ಕೂರಲು ಬೇರೆ ಜಾಗವಿಲ್ಲದೆ ಸೈಕಲ್ ಮೇಲೆ ಕೂತು, “ಎಲ್ಲಿದೀಯ ನಂದು?” ಎಂದಳು.

“ಸೈಕಲ್ ಮೇಲೆ.”

“ನಾನೂ ಸೈಕಲ್ ಮೇಲೇ ಇದೀನಿ ಕಣೆ.”

ಅಳುತ್ತಿದ್ದ ಹುಡುಗಿ ನಕ್ಕುಬಿಟ್ಟಳು. “ಹಾಗಾದ್ರೆ ತುಳಿ ಅಮ್ಮಾ, ನಾನೂ ತುಳೀತೀನಿ.” ಫೋನನ್ನು ತನ್ನ ಹ್ಯಾಂಡಲ್ಲಿಗೆ ಸಿಕ್ಕಿಸಿ ಎದುರಿನ ದಾರಿ ಕಾಣುವಂತೆ ತಿರುಗಿಸಿದಳು. ಅವತ್ತಿನಿಂದ ಅದೇ ಪದ್ಧತಿಯಾಯಿತು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಇಲ್ಲಿ ಜಾನಕಿ, ಸಂಜೆ ಐದಕ್ಕೆ ಅಲ್ಲಿ ನಂದಿತಾ. ಒಂದು ಗಂಟೆಯ ಸವಾರಿ.

ಆ ಒಂದು ಗಂಟೆಗಾಗಿ ಜಾನಕಿ ಉಳಿದ ಆರು ದಿನ ಬದುಕುತ್ತಿದ್ದಳು ಅಂದರೆ ಉತ್ಪ್ರೇಕ್ಷೆಯೇನಲ್ಲ. ಶನಿವಾರವೇ ತಲೆಗೆ ಎಣ್ಣೆ ಹಚ್ಚಿ ಸ್ನಾನ ಮುಗಿಸಿಬಿಡುವಳು. ಭಾನುವಾರ ಯಾರಾದರೂ ಸತ್ಯನಾರಾಯಣ ಪೂಜೆಗೆ ಕರೆದರೆ, “ಹತ್ತರ ಮೇಲೆ ಬರ್ತೀನಿ, ಬೆಳಿಗ್ಗೆ ನಾನು ಇಟಲಿಯಲ್ಲಿರ್ತೀನಿ” ಎನ್ನುವಳು. ಕೇಳಿದವರು ನಗುತ್ತಿದ್ದರು. ನಗಲಿ ಬಿಡಿ, ಅವರಿಗೇನು ಗೊತ್ತು? ಮೊನಚು ಮೊನಚಾಗಿ ಕೆತ್ತಿದ ಸಾವಿರಾರು ಬಿಳಿ ಕಲ್ಲುಗಳನ್ನು ಗೋಡೆಯ ಉದ್ದಕ್ಕೂ ಜೋಡಿಸಿದ ಅರಮನೆಯನ್ನು ಅವಳು ನೋಡಿದ್ದಳು. ಒಂದು ಸಾಲಿನ ಮನೆಯಿಂದ ಎದುರುಸಾಲಿಗೆ ನೆತ್ತಿಯ ಮೇಲೇ ಕಮಾನು ಹಾಯಿಸಿದ್ದ ಕತ್ತಲೆ ಓಣಿಯಲ್ಲಿ ತಲೆ ತಗ್ಗಿಸಿ ಹೋಗಿದ್ದಳು. ಗರಾಜಿನಲ್ಲಿ ಕೂತವಳು ತಲೆ ಯಾಕೆ ತಗ್ಗಿಸಬೇಕು? ಆದರೂ ತಗ್ಗಿಸುತ್ತಿದ್ದಳು. ಎಂಬತ್ತು ದಾಟಿದ ಅಜ್ಜಿಯರು ಬುಟ್ಟಿಯಲ್ಲಿ ಸೊಪ್ಪು ಇಟ್ಟುಕೊಂಡು ಸೈಕಲ್ ಮೇಲೆ ಹಾದುಹೋದರೆ, “ನೋಡೇ, ಆ ಯಮ್ಮಂಗೆ ಇರೋ ಧೈರ್ಯ ನಂಗಿಲ್ವಲ್ಲೇ” ಎಂದು ಹೊಟ್ಟೆ ಉರಿದುಕೊಳ್ಳುತ್ತಿದ್ದಳು.

ಇನ್ನೊಂದು ವಿಚಿತ್ರ ನೋಡಿ. ಬೆಲ್ವ್ಯೂನಲ್ಲಿ ಬೆಳೆದ ಇಪ್ಪತ್ತು ವರ್ಷ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ ಹುಡುಗಿ, ಫೆರಾರಾದ ಬೀದಿಯಲ್ಲಿ ಕನ್ನಡ ಮಾತಾಡತೊಡಗಿದಳು. “ಇಲ್ಲಿ ಎಲ್ರಿಗೂ ಇಂಗ್ಲಿಷ್ ಬರತ್ತೆ ಅಮ್ಮಾ. ಕನ್ನಡ ಆದ್ರೆ ಯಾರಿಗೂ ಗೊತ್ತಾಗಲ್ಲ.” ಊರವರ ಮೇಲೆ ಚಾಡಿ ಹೇಳುವುದಕ್ಕಾದರೂ ಮಗಳಿಗೆ ತಾಯ್ನುಡಿ ಬಂತಲ್ಲ ಎಂದು ಜಾನಕಿಗೆ ಒಳಗೊಳಗೇ ಸಂತೋಷ.

ಹಾಗಾದರೆ ಒಮ್ಮೆ ವಿಮಾನ ಹತ್ತಿ ಹೋಗಿ ಮಗಳನ್ನು ನೋಡಿ ಬರಬಾರದೇ? ಕಷ್ಟ ಇರುವುದೇ ಅಲ್ಲಿ. ಗಂಡ ವಿಜಯಕುಮಾರ ಡೌನ್‌ಟೌನ್ ಬೆಲ್ವ್ಯೂನ ಕಂಪನಿಯೊಂದರಲ್ಲಿ ಎಂಜಿನಿಯರು. ಅವನ ವೀಸಾದ ನೆರಳಿನಲ್ಲಿ ಜಾನಕಿಯ ವೀಸಾ. ದೇಶ ಬಿಟ್ಟು ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬರಲು ಪಾಸ್‌ಪೋರ್ಟಿನಲ್ಲಿ ಹೊಸ ವೀಸಾ ಮುದ್ರೆ ಬೇಕು. ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು, ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ. ಕಲ್ಮೇಶನ ಗತಿ ಕಣ್ಣಾರೆ ಕಂಡವರಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಅತ್ತ ದರಿ, ಇತ್ತ ಪುಲಿ.

ನಂದಿತಾ ಹೋದದ್ದೂ ಇದೇ ಸಂಕಟದಿಂದ. ಎರಡು ವರ್ಷದ ಕೂಸಾಗಿ ಬಂದವಳು. ಇಲ್ಲಿಯ ಸ್ಕೂಲು, ಇಲ್ಲಿಯ ಗೆಳತಿಯರು, ಈ ಮಳೆ, ಈ ದೇವದಾರು ಮರಗಳು ಬಿಟ್ಟರೆ ಬೇರೆ ಊರು ಗೊತ್ತಿಲ್ಲ. ಆದರೂ ಇಪ್ಪತ್ತೊಂದು ತುಂಬಿದ ದಿನ ಅಪ್ಪ ಅಮ್ಮನ ವೀಸಾದಿಂದ ಅವಳ ಹೆಸರು ಕಳಚಿಬಿತ್ತು. ಉಳಿಯಬೇಕೆಂದರೆ ಪರದೇಶದ ವಿದ್ಯಾರ್ಥಿಯಂತೆ ಹೊಸದಾಗಿ ಅರ್ಜಿ ಹಾಕಬೇಕು, ಆಮೇಲೆ ಕೆಲಸದ ವೀಸಾಕ್ಕೆ ಲಾಟರಿ ಎತ್ತಬೇಕು. “ನನ್ನ ಮನೇಲಿ ಇರೋದಕ್ಕೆ ನಾನು ಲಾಟರಿ ಎತ್ತಲ್ಲ” ಎಂದು ಹುಡುಗಿ, ಸೀಟು ಕೊಟ್ಟ ಫೆರಾರಾಕ್ಕೆ ಹೊರಟುಹೋದಳು. ಹೋಗುವಾಗ ವಿಮಾನ ನಿಲ್ದಾಣದಲ್ಲಿ ಅಮ್ಮನನ್ನು ತಬ್ಬಿಕೊಂಡು ಅತ್ತಳು. ಅಪ್ಪನಿಗೆ ಬರಿಯ “ಬೈ” ಎಂದಳು.

ಆ “ಬೈ”ಗೆ ಕಾರಣವಿತ್ತು. ನಂದಿತಾ ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಗ್ರೀನ್ ಕಾರ್ಡಿನ ಬಾಗಿಲು ಇವರಿಗೆ ತೆರೆದಿತ್ತು. ಪ್ರತಿ ತಿಂಗಳೂ ಸರ್ಕಾರ ಒಂದು ದಿನಾಂಕ ಪ್ರಕಟಿಸುತ್ತದೆ. ಸಾಲಿನಲ್ಲಿ ನೀವು ನಿಂತ ದಿನ ಅದಕ್ಕಿಂತ ಹಿಂದಿನದಾಗಿದ್ದರೆ ಅರ್ಜಿ ಹಾಕಬಹುದು. ವರ್ಷಗಟ್ಟಲೆ ಕಾದ ಮೇಲೆ ಆ ತಿಂಗಳು ಇವರ ಸರದಿ ಬಂತು. ಆಗ ಅರ್ಜಿ ಹೋಗಿದ್ದರೆ ಮಗಳ ಹೆಸರೂ ಅದರಲ್ಲಿ ಸೇರಿ ಅವಳಿಗೆ ಇಲ್ಲೇ ಉಳಿಯುವ ದಾರಿ ಆಗುತ್ತಿತ್ತು. ಹೋಗಲಿಲ್ಲ. ಮುಂದಿನ ತಿಂಗಳು ದಿನಾಂಕ ಹಿಂದಕ್ಕೆ ಸರಿಯಿತು, ಬಾಗಿಲು ಮುಚ್ಚಿತು. ಯಾಕೆ ಹೀಗಾಯಿತು ಎಂದು ಮಗಳು ಕೇಳಿದಾಗ ವಿಜಯಕುಮಾರ ತಲೆ ತಗ್ಗಿಸಿ, “ನಂದೇ ತಪ್ಪು ಪುಟ್ಟಾ, ಲೇಟ್ ಮಾಡ್ಬಿಟ್ಟೆ” ಎಂದಿದ್ದ.

ಅದು ಸುಳ್ಳು. ಈ ಕಥೆಯ ಮುಳ್ಳು ಇರುವುದೇ ಅಲ್ಲಿ. ಲಾಯರಿಂದ ಮೇಲ್ ಬಂದ ದಿನವೇ ವಿಜಯಕುಮಾರ ಕಾಗದಗಳನ್ನೆಲ್ಲ ಪ್ರಿಂಟ್ ಮಾಡಿ, ಪೆನ್ನಿನ ಸಮೇತ ಊಟದ ಮೇಜಿನ ಮೇಲೆ ಇಟ್ಟಿದ್ದ. ಜಾನಕಿ ಫ್ರಿಜ್ಜಿನ ಮೇಲಿದ್ದ ದೇವಸ್ಥಾನದ ಕ್ಯಾಲೆಂಡರ್ ನೋಡಿದಳು. ಅಧಿಕ ಮಾಸ. ಹೊಸ ಮನೆ, ಹೊಸ ಒಡವೆ, ಹೊಸ ಕೆಲಸ ಯಾವುದನ್ನೂ ಶುರು ಮಾಡಬಾರದ ತಿಂಗಳು. “ಇಪ್ಪತ್ತು ದಿನ ತಾನೇ ರೀ, ಹೊಸ ತಿಂಗಳು ಹುಟ್ಟಿದ ತಕ್ಷಣ ಒಳ್ಳೇ ದಿನ ನೋಡಿ ಸಹಿ ಹಾಕೋಣ. ಹಿಂದೆ ಆಷಾಢದಲ್ಲಿ ಮನೆ ಬದಲಾಯಿಸಿ ಏನಾಯ್ತು ಅಂತ ಮರ್ತೋಯ್ತಾ?” ಅಂದಳು. ಆ ಆಷಾಢದಲ್ಲಿ ಅವಳ ಹೊಟ್ಟೆಯಲ್ಲಿದ್ದ ಎರಡನೇ ಕೂಸು ಉಳಿದಿರಲಿಲ್ಲ. ಅದನ್ನು ಎತ್ತಿದ ಮೇಲೆ ವಿಜಯಕುಮಾರ ವಾದಿಸಲಿಲ್ಲ. ಎರಡು ಸಲ ಮಾತ್ರ, “ಜಾನಕಿ, ಇವತ್ತು ಹಾಕೋಣ್ವಾ?” ಎಂದು ಕೇಳಿದ. ಎರಡು ಸಲವೂ ಅವಳು ಒಲ್ಲೆ ಎಂದಳು. ಒಳ್ಳೆಯ ದಿನ ಬಂದು, ದೀಪ ಹಚ್ಚಿ, ಕುಂಕುಮ ಇಟ್ಟು ಸಹಿ ಹಾಕುವ ಹೊತ್ತಿಗೆ ಲಾಯರು ಈ ತಿಂಗಳಿಗೆ ಆಗುವುದಿಲ್ಲ ಎಂದಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆಗ ಜಾನಕಿ ಅನ್ನ ನೀರು ಬಿಟ್ಟು ಮಲಗಿದ್ದಳು. ಅದಕ್ಕೇ ವಿಜಯಕುಮಾರ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡ. “ಮಗೂಗೆ ನಮ್ಮಿಬ್ರಲ್ಲಿ ಒಬ್ರ ಮೇಲಾದ್ರೂ ನಂಬಿಕೆ ಇರ್ಲಿ ಬಿಡು” ಎಂದ. ಜಾನಕಿ ಆ ಮಾತಿಗೆ ಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ನಾಳೆ ಹೇಳಿದರಾಯಿತು, ಪರೀಕ್ಷೆ ಮುಗಿಯಲಿ, ಕಾಲೇಜು ಸೇರಲಿ ಎನ್ನುತ್ತಲೇ ಆರು ವರ್ಷ ಕಳೆಯಿತು. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡಂತೆ, ನುಂಗುವುದಕ್ಕೂ ಆಗದೆ ಉಗುಳುವುದಕ್ಕೂ ಆಗದೆ ಇದ್ದುಬಿಟ್ಟಳು. ಮಗಳು ಅಪ್ಪನ ಜೊತೆ ಮಾತು ಕಡಿಮೆ ಮಾಡಿದಳು, ಆಮೇಲೆ ಬಿಟ್ಟೇಬಿಟ್ಟಳು. ಅಮ್ಮನಿಗೆ ಮಾತ್ರ ಇನ್ನೂ ಹತ್ತಿರವಾದಳು. ಆ ಹತ್ತಿರ ಜಾನಕಿಗೆ ಹಿತವಾಗಿತ್ತು ಎನ್ನುವುದನ್ನೂ ಮುಚ್ಚಿಡಬಾರದು.

ಭಾನುವಾರದ ಸವಾರಿಯ ಹೊತ್ತಿನಲ್ಲಿ ವಿಜಯಕುಮಾರ ಕಾಫಿ ಲೋಟ ಹಿಡಿದು ಗರಾಜಿಗೆ ಬರುತ್ತಿದ್ದ. ಫೋನಿನ ಕ್ಯಾಮೆರಾಕ್ಕೆ ಕಾಣದಂತೆ ಬಟ್ಟೆ ಒಗೆಯುವ ಮಷೀನಿನ ಪಕ್ಕ ನಿಂತು, ಹೆಂಡತಿಯ ಭುಜದ ಮೇಲಿಂದ ಆ ಊರನ್ನು ನೋಡುತ್ತಿದ್ದ. ಮಗಳ ಮುಖ ಕಾಣುತ್ತಿರಲಿಲ್ಲ, ಬರಿಯ ದಾರಿ ಕಾಣುತ್ತಿತ್ತು, ಧ್ವನಿ ಕೇಳುತ್ತಿತ್ತು. ಅವನಿಗೆ ಅಷ್ಟೇ ಸಾಕಾಗಿತ್ತೋ ಏನೋ, ತಣ್ಣಗಾದ ಕಾಫಿಯನ್ನು ಕುಡಿಯುವುದನ್ನೂ ಮರೆಯುತ್ತಿದ್ದ.

ಏಪ್ರಿಲ್ ತಿಂಗಳ ಒಂದು ಭಾನುವಾರ ಫೆರಾರಾದಲ್ಲಿ ಮಳೆ ಬಂದು ನಿಂತಿತ್ತು. ನಂದಿತಾ ಒಂದು ತಿರುವಿನಲ್ಲಿ ಜೋರಾಗಿ ಬಂದಳು. ಅಲ್ಲಿಂದ ಮುಂದೆ ಗುಂಡುಕಲ್ಲು ಹಾಸಿದ ಬೀದಿ. ವಿಜಯಕುಮಾರನ ಬಾಯಿಂದ ತನಗೇ ತಿಳಿಯದಂತೆ ಮಾತು ಹೊರಬಿತ್ತು. “ನಿಧಾನ ಪುಟ್ಟಾ, ಅಲ್ಲಿ ಕಲ್ಲು ಜಾರತ್ತೆ!”

ಬ್ರೇಕಿನ ಸದ್ದು ಕೇಳಿಸಿತು. ಚಿತ್ರ ಅಲ್ಲಾಡಿ ನಿಂತಿತು.

“ಅಮ್ಮಾ, ಯಾರದು? ಅಪ್ಪಾನಾ?”

ಜಾನಕಿ ಹೂಂ ಎಂದಳು. ವಿಜಯಕುಮಾರ ಲೋಟ ಹಿಡಿದು ಒಳಗೆ ಹೋಗಿಬಿಟ್ಟಿದ್ದ.

“ಪ್ರತಿ ಸಲಾನೂ ಬಂದು ನಿಂತ್ಕೋತಾರಾ?” ನಂದಿತಾ ಕೇಳಿದಳು. “ಈಗ ನಿಧಾನ ಅಂತಾರೆ. ನಿಧಾನ ಮಾಡೀನೇ ಅಲ್ವಾ ನನ್ನ ಲೈಫ್ ಹಾಳ್ ಮಾಡಿದ್ದು? ಅವರು ಅಲ್ಲಿದ್ರೆ ನಂಗೆ ಹೇಳು ಅಮ್ಮಾ. ನಾನು ಬೇರೆ ಟೈಮಲ್ಲಿ ಕಾಲ್ ಮಾಡ್ತೀನಿ.” ಅವತ್ತು ಸವಾರಿ ಅರ್ಧಕ್ಕೇ ನಿಂತಿತು.

ಜಾನಕಿ ಒಳಗೆ ಬಂದಾಗ ವಿಜಯಕುಮಾರ ಸಿಂಕಿನ ಮುಂದೆ ನಿಂತು ಕಾಫಿ ಫಿಲ್ಟರ್ ತೊಳೆಯುತ್ತಿದ್ದ. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದ. ಅವನಿಗೆ ಎಲ್ಲ ಕೇಳಿಸಿತ್ತು.

“ಹೇಳ್ಬಿಡ್ತೀನಿ ರೀ” ಎಂದಳು ಜಾನಕಿ.

“ಈಗ ಯಾಕೆ? ಹೇಗೋ ನಡ್ಕೊಂಡು ಹೋಗ್ತಿದೆ.”

“ನಿಮಗೆ ನಡೀತಿದೆಯಾ?”

ಅವನು ನಲ್ಲಿ ನಿಲ್ಲಿಸಿ, “ಅವಳು ನಿನ್ ಜೊತೆನೂ ಮಾತು ಬಿಟ್ರೆ ಆ ಮಗೂಗೆ ಯಾರಿದಾರೆ ಅಲ್ಲಿ?” ಎಂದಷ್ಟೇ ಅಂದ.

ಜಾನಕಿಯ ಭಯವೂ ಅದೇ. ಅದಕ್ಕಿಂತ ಹೆಚ್ಚಾಗಿ, ನನಗೆ ಯಾರಿದ್ದಾರೆ ಎನ್ನುವ ಭಯ. ಇಡೀ ವಾರ ಯಾವ ಕೆಲಸದಲ್ಲೂ ಮನಸ್ಸು ಕೂರಲಿಲ್ಲ. ಹೇಳಿದರೆ ಭಾನುವಾರ ಹೋಗುತ್ತದೆ. ಹೇಳದಿದ್ದರೆ ಈ ಮನುಷ್ಯ ಇನ್ನು ಮೇಲೆ ಆ ಮಷೀನಿನ ಪಕ್ಕದಲ್ಲೂ ನಿಲ್ಲುವ ಹಾಗಿಲ್ಲ. ತಪ್ಪು ಮಾಡಿದವಳು ಸೈಕಲ್ ಮೇಲೆ ಕೂತು ಊರು ನೋಡುವುದು, ಮಾಡದವನು ಕದ್ದು ನೋಡುವುದು, ಯಾವ ನ್ಯಾಯ ಇದು? ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮುಂದಿನ ಭಾನುವಾರ ಬಿಸಿಲಿತ್ತು. ನಂದಿತಾ ಕೋಟೆಗೋಡೆಯ ಮೇಲಿನ ದಾರಿ ಹಿಡಿದಿದ್ದಳು. ಎರಡೂ ಬದಿಗೆ ಮರಗಳು, ಕೆಳಗೆ ಹಸಿರು ಹುಲ್ಲು, ಓಡುವವರು, ನಾಯಿ ಹಿಡಿದು ನಡೆಯುವವರು. ಉತ್ತರದ ಹಳೇ ಬಾಗಿಲಿನ ಹತ್ತಿರ ಬಂದಾಗ, “ಈ ಊರಿನ ಕೊನೇ ದೊರೆ ಎಲ್ಲಾ ಕಳ್ಕೊಂಡು ಇಲ್ಲಿಂದಾನೇ ಹೊರಟೋದ್ನಂತೆ ಅಮ್ಮಾ” ಎಂದಳು.

“ನಂದು, ಸ್ವಲ್ಪ ನಿಲ್ಸು. ಕೂತ್ಕೋ ಎಲ್ಲಾದ್ರೂ. ನಿನ್ನ ಮುಖ ನೋಡಿ ಒಂದು ಮಾತು ಹೇಳ್ಬೇಕು.”

ಹುಡುಗಿ ಬೆದರಿದಳು. “ಏನಾಯ್ತು? ಅಪ್ಪಂಗೆ ಏನಾದ್ರೂ ಆಯ್ತಾ?” ಆ ಪ್ರಶ್ನೆ ಕೇಳಿ ಜಾನಕಿಯ ಕಣ್ಣು ತುಂಬಿತು. ನಂದಿತಾ ಕಲ್ಲುಬೆಂಚಿನ ಮೇಲೆ ಕೂತು ಫೋನನ್ನು ತನ್ನ ಕಡೆ ತಿರುಗಿಸಿದಳು. ಜಾನಕಿ ತುಳಿಯುವುದನ್ನು ನಿಲ್ಲಿಸಿದಳು. ಅಧಿಕ ಮಾಸ, ಕ್ಯಾಲೆಂಡರು, ಮೇಜಿನ ಮೇಲಿನ ಪೆನ್ನು, ಎರಡು ಸಲ ಕೇಳಿದ್ದು, ಎರಡು ಸಲ ಒಲ್ಲೆ ಎಂದದ್ದು, ಎಲ್ಲವನ್ನೂ ಹೇಳಿದಳು. ಯಾವುದಕ್ಕೂ ಸಬೂಬು ಸೇರಿಸಲಿಲ್ಲ. ಆಷಾಢದ ಕೂಸಿನ ಮಾತನ್ನೂ ಎತ್ತಲಿಲ್ಲ.

ನಂದಿತಾಳ ಹಿಂದೆ ಸೈಕಲ್ಲುಗಳು ಹಾದುಹೋಗುತ್ತಿದ್ದವು.

“ಅಪ್ಪ ಮೊದಲ್ನೇ ದಿನಾನೇ ಸಹಿ ಹಾಕಕ್ಕೆ ರೆಡಿ ಇದ್ರಾ?”

“ಇದ್ರು ಕಣೆ. ಅವರದು ಏನೇನೂ ತಪ್ಪಿಲ್ಲ.”

“ಸಹಿ ಹಾಕ್ದೆ ಇದ್ದಿದ್ದು ಬಿಡು ಅಮ್ಮಾ. ನೀನು ನಂಬ್ತೀಯ, ನಂಬಿದ್ದೆ. ಅದು ನಂಗೆ ಅರ್ಥ ಆಗತ್ತೆ. ಆದ್ರೆ ನಾನು ಆರು ವರ್ಷ ಅಪ್ಪನ ಜೊತೆ ಸರಿಯಾಗಿ ಮಾತಾಡ್ಲಿಲ್ಲ. ನೀನು ಅದನ್ನ ದಿನಾ ನೋಡ್ತಾ ಇದ್ದೆ. ನೋಡ್ತಾ ಇದ್ದು ಸುಮ್ನಿದ್ದೆ.”

ಜಾನಕಿ ಕ್ಷಮಿಸು ಎನ್ನಬೇಕು ಎನ್ನುವಷ್ಟರಲ್ಲಿ ಫೋನ್ ಕತ್ತಲಾಯಿತು.

ಆ ವಾರ ಮಗಳಿಂದ ಒಂದು ಮೆಸೇಜೂ ಇಲ್ಲ. ಜಾನಕಿ ಮೂರು ಸಲ ಬರೆದು ಮೂರು ಸಲ ಅಳಿಸಿದಳು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವೇನು ಅಂತಾರೆ. ಅಂದವರಿಗೆ ಮಕ್ಕಳಿರಲಿಲ್ಲವೋ ಏನೋ. ವಿಜಯಕುಮಾರ ದಿನವೂ ಎರಡು ಲೋಟ ಕಾಫಿ ಬೆರೆಸಿ ಒಂದನ್ನು ಅವಳ ಮುಂದೆ ಇಡುತ್ತಿದ್ದ.

ಭಾನುವಾರ ಬಂತು. ಬರುವುದಿಲ್ಲ ಎಂದು ಗೊತ್ತಿದ್ದೂ ಜಾನಕಿ ಎಂಟಕ್ಕೆ ಸೈಕಲ್ ಹತ್ತಿ ಕೂತಳು. ಎಂಟೂಕಾಲಾಯಿತು. ಹೆದ್ದಾರಿಯ ಮೇಲಿನ ಗಾಡಿಗಳ ಸದ್ದು ಬಿಟ್ಟರೆ ಗರಾಜಿನಲ್ಲಿ ಬೇರೆ ಸದ್ದಿಲ್ಲ. ಎಂಟೂವರೆಗೆ ಒಳಗೆ ಎಲ್ಲೋ ಫೋನ್ ಬಡಿದುಕೊಂಡಿತು. ಅವಳದ್ದಲ್ಲ. ವಿಜಯಕುಮಾರ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿದ್ದ ಫೋನನ್ನು ಯಾರದೋ ವಸ್ತು ಹಿಡಿದವನ ಹಾಗೆ ಹಿಡಿದಿದ್ದ.

“ನಮ್ಮ ನಂದು. ನಂಗೆ ಫೋನ್ ಮಾಡಿದಾಳೆ” ಎಂದ, ಮೆಲ್ಲಗೆ. “ಸೈಕಲ್ ಮೇಲೆ ಕೂತ್ಕೋ ಅಂತಿದಾಳೆ.”

ಅವನ ಮುಖದಲ್ಲಿ ಸಂತೋಷವಿತ್ತು, ಆ ಸಂತೋಷ ಪಟ್ಟದ್ದಕ್ಕೆ ತಪ್ಪಿತಸ್ಥನಂತೆ ನಾಚಿಕೆಯೂ ಇತ್ತು. ಜಾನಕಿ ಇಳಿದಳು. ಸೀಟು ಅವಳ ಎತ್ತರಕ್ಕೆ ತಗ್ಗಿತ್ತು. ಅವನ ಉದ್ದನೆಯ ಕಾಲಿಗೆ ಆಗುತ್ತಿರಲಿಲ್ಲ. ಬಗ್ಗಿ, ತಿರುಪು ಸಡಿಲಿಸಿ, ಸೀಟನ್ನು ನಾಲ್ಕು ತೂತು ಮೇಲಕ್ಕೆ ಏರಿಸಿ ಬಿಗಿಮಾಡಿದಳು. “ಹತ್ತಿ” ಎಂದು ಕಣ್ಣಲ್ಲೇ ಹೇಳಿ ಅಡುಗೆಮನೆಗೆ ಬಂದಳು.

ಪೆಡಲಿನ ಸದ್ದು ಶುರುವಾಯಿತು. ಅಭ್ಯಾಸವಿಲ್ಲದ ಕಾಲು, ಎರಡು ನಿಮಿಷಕ್ಕೇ ಏದುಸಿರು. ಆ ಕಡೆಯಿಂದ ನಂದಿತಾ ಏನೋ ತೋರಿಸುತ್ತಿದ್ದಳು, ಇವನು “ಹೂಂ, ಹೂಂ” ಎನ್ನುತ್ತಿದ್ದ. ಆಮೇಲೆ ಅವಳು ಬಿಕ್ಕುವುದು ಕೇಳಿಸಿತು. “ಸಾರಿ ಅಪ್ಪಾ” ಎಂಬ ಮಾತು ಕೇಳಿಸಿತು. ಇವನು, “ಅಳಬಾರ್ದು ಪುಟ್ಟಾ, ಮುಂದೆ ನೋಡ್ಕೊಂಡು ಓಡ್ಸು” ಎನ್ನುತ್ತಿದ್ದ, ಅವನೂ ಅಳುತ್ತಿದ್ದ.

ಜಾನಕಿ ಒಲೆಯ ಮುಂದೆ ನಿಂತು ಸೆರಗು ಬಾಯಿಗೊತ್ತಿಕೊಂಡಳು.

“ನಿಮ್ಮಮ್ಮನ್ನ ಕರೀಲಾ?” ವಿಜಯಕುಮಾರ ಕೇಳಿದ.

ಪೆಡಲು ನಿಂತಿತು.

“ಇವತ್ತು ಬೇಡ ಅಪ್ಪಾ” ಎಂದಳು ನಂದಿತಾ. “ಇವತ್ತು ನೀನು ಬಾ.”

ಜಾನಕಿಗೆ ತುಂಬ ನೋವಾಯಿತು, ಇಲ್ಲವೆಂದರೆ ಸುಳ್ಳಾಗುತ್ತದೆ. ಓಡಿಹೋಗಿ ಫೋನಿನ ಮುಂದೆ ನಿಂತು ಮಗಳ ಮುಖ ನೋಡಬೇಕು ಎನಿಸಿತು. ಆದರೂ ಗರಾಜಿನಲ್ಲಿ ಮತ್ತೆ ಪೆಡಲಿನ ಸದ್ದು ಕೇಳಿಸಿದಾಗ ಅವಳು ಕದಲಲಿಲ್ಲ. ಆ ಒಂದು ಗಂಟೆ ಮುಗಿಯುವ ತನಕ ಅಡುಗೆಮನೆಯಲ್ಲೇ ನಿಂತಿದ್ದಳು.